ದೀಪಸ್ತಂಭದ ಪಾಠದಲ್ಲಿ ಒಂದು ಬೇವಿನ ಎಲೆ

ಚಿಕ್ಕೋಡಿ
೧೮ ಮೇ ೧೯೯೭

ಪ್ರೀತಿಯ ಕಾಶಿಬಾಯಿ ವೈನಿ,

ನಿಮ್ಮ ನಾದಿನಿ ಗಂಗೂ ಮಾಡುವ ಜಯಜಿನೇಂದ್ರ.

ಅಂಕಲಿಯಿಂದ ಚಿಕ್ಕೋಡಿಗೆ ಬಸ್ಸಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ. ಹೋದ ವಾರವಷ್ಟೇ ಅಕ್ಷಯ ತದಿಗೆಗೆಂದು ಬಂದು, ನೀವು ಬಡಿಸಿದ್ದನ್ನು ಉಂಡು, ನೀವು ಕಟ್ಟಿಕೊಟ್ಟ ಸಂಡಿಗೆಯ ಡಬ್ಬಿ ಹಿಡಿದು ಬಂದವಳು ಈಗೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿಮಗೆ ಅನಿಸಬಹುದು. ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ, ವೈನಿ. ಹನ್ನೊಂದು ವರ್ಷದ ಹಿಂದೆ ನಾನು ನಿಮಗೊಂದು ಸುಳ್ಳು ಹೇಳಿದೆ. ಅದು ಸುಳ್ಳೆಂದು ನಿಮಗೆ ಎಂದೋ ತಿಳಿದಿತ್ತು ಎನ್ನುವುದು ನನಗೆ ತಿಳಿದದ್ದು ಹೋದ ವಾರ.

ಇದನ್ನು ಪಾರಿಸನ ಕೈಯಲ್ಲಿ ಓದಿಸಬೇಡಿ. ನಿಮ್ಮ ಮಗ ಅರ್ಧ ಓದಿ ಓಣಿಯೆಲ್ಲ ಸಾರಿ ಬರುವ ಪೈಕಿ. ನೀವೇ ಓದಿ. ಊಟ ಮುಗಿಸಿ ಮಾಳಿಗೆ ಹತ್ತಿ, ಬೆಳಕು ಇರುವಾಗಲೇ ಓದಿ.

ಆ ಹೊತ್ತು ನಿಮಗೆ ನೆನಪಿದೆಯೇ? ಊರಿನ ಉಳಿದ ಮನೆಗಳಲ್ಲಿ ಹೆಂಗಸರು ಒಲೆ ಹೊತ್ತಿಸುವ ವೇಳೆಗೆ ನಮ್ಮ ಮನೆಯ ಒಲೆ ಆರಿರುತ್ತಿತ್ತು. ಸೂರ್ಯ ಮುಳುಗಿದ ಮೇಲೆ ನಮ್ಮವರು ಅನ್ನ ಮುಟ್ಟುವುದಿಲ್ಲವಲ್ಲ. ಐದೂವರೆಗೆ ಗಂಡಸರ ಊಟ, ಆರಕ್ಕೆ ನಮ್ಮದು, ಆಮೇಲೆ ಪಾತ್ರೆ ತೊಳೆದರೆ ಮುಗಿಯಿತು. ದಿನವಿಡೀ ನಿಮಗೆ ನಿಮ್ಮದೆಂದು ಸಿಗುತ್ತಿದ್ದ ಹೊತ್ತು ಅದೊಂದೇ. ಬೇಸಿಗೆಯ ಆ ಬೆಳಕು ಮುಳುಗಲು ಮನಸ್ಸಿಲ್ಲದೆ ತಡೆದು ನಿಲ್ಲುತ್ತಿತ್ತು. ಕೃಷ್ಣೆ ಸೊರಗಿ ನಡುವೆ ಮರಳು ಎದ್ದಿರುತ್ತಿತ್ತು. ಮರಳೆಲ್ಲ ಕೇಸರಿ, ಆಮೇಲೆ ನೇರಳೆ, ಆಮೇಲೆ ಬೂದಿ. ಆ ಮೂರು ಬಣ್ಣ ಮುಗಿಯುವುದರೊಳಗೆ ನಾವು ಒಂದು ಪಾಠ ಓದಬೇಕು.

ಅದು ಎಂಬತ್ತಾರನೆಯ ಇಸವಿ. ನಾನು ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆ ಹೇಗೋ ದಾಟಿದ್ದೆ. ಚಿಕ್ಕೋಡಿಯ ಕಾಲೇಜಿನಲ್ಲಿ ಆ ವರ್ಷ ಹೊಸ ನಿಯಮ ಬಂದಿತ್ತು. ಸೇರುವ ಮೊದಲು ಇಂಗ್ಲಿಷ್ ಪರೀಕ್ಷೆ ಕೊಡಬೇಕು. ಮಾಸ್ತರರ ಮುಂದೆ ಒಂದು ಪುಟ ಗಟ್ಟಿಯಾಗಿ ಓದಬೇಕು, ಓದಿದ್ದರ ಬಗ್ಗೆ ಪುಸ್ತಕ ನೋಡದೆ ಒಂದು ಪುಟ ಬರೆಯಬೇಕು. ಅಪ್ಪ ಎಲೆಯಡಿಕೆ ಜಗಿಯುತ್ತ ತೀರ್ಪು ಕೊಟ್ಟಿದ್ದರು. "ಪಾಸಾದ್ರ ಚಿಕ್ಕೋಡಿ, ನಪಾಸಾದ್ರ ಜಯಸಿಂಗಪುರ." ಜಯಸಿಂಗಪುರದಲ್ಲಿ ಕಾಲೇಜು ಇರಲಿಲ್ಲ ಎಂದಲ್ಲ, ಅಲ್ಲಿ ನನಗೊಬ್ಬ ವರ ಇದ್ದ. ಗೊಬ್ಬರದ ಅಂಗಡಿಯವನು. ಅವನ ಫೋಟೋ ಕಂಡರೆ ನನಗೆ ಯೂರಿಯಾ ಚೀಲ ನೆನಪಾಗುತ್ತಿತ್ತು. ಪಾಪ, ಅವನದೇನು ತಪ್ಪು.

ನೀವು ಕಾಗವಾಡದಿಂದ ನಮ್ಮ ಅಣ್ಣ ಭೀಮಗೊಂಡನ ಕೈಹಿಡಿದು ಬಂದು ಆಗ ಎರಡು ವರ್ಷ. ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ, ಹತ್ತನೆಯದರಲ್ಲಿ ಪಹಿಲಾ ವರ್ಗದಲ್ಲಿ ಪಾಸು. ನಿಮಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನನಗೆ ಮರಾಠಿ ಮಾತು ಬರುತ್ತಿತ್ತು, ಓದಲು ಹೋದರೆ ತಡವರಿಕೆ. ಒಂದೇ ಪುಸ್ತಕ ಹಿಡಿದು ಇಬ್ಬರೂ ಕೂರಬಹುದಾದ ಭಾಷೆ ಇಂಗ್ಲಿಷ್ ಒಂದೇ, ಏಕೆಂದರೆ ಅದು ಇಬ್ಬರಿಗೂ ಬರುತ್ತಿರಲಿಲ್ಲ.

ಅಣ್ಣ ಟ್ರ್ಯಾಕ್ಟರಿನ ಸಾಮಾನಿಗೆಂದು ನಿಪ್ಪಾಣಿಗೆ ಹೋದವನು ರದ್ದಿ ಅಂಗಡಿಯಿಂದ ಒಂದು ರಟ್ಟು ಹರಿದ ಇಂಗ್ಲಿಷ್ ಪುಸ್ತಕ ತಂದಿದ್ದ. ನಾನು ಓದುವುದು, ನೀವು ಕೇಳುವುದು. ನೀವು ಓದುವುದು, ನಾನು ಕೇಳುವುದು. ಅರ್ಥವನ್ನು ನಾನು ಪುಟದ ಎಡಗಡೆ ಕನ್ನಡದಲ್ಲಿ ಬರೆದರೆ ನೀವು ಬಲಗಡೆ ಮರಾಠಿಯಲ್ಲಿ ಬರೆಯುತ್ತಿದ್ದಿರಿ. ನನ್ನ ಎಡಗಡೆಯನ್ನು ನೋಡಿ ನೋಡಿ ನೀವು ಕನ್ನಡ ಅಕ್ಷರ ಕಲಿತುಬಿಟ್ಟಿರಿ. ನಿಮ್ಮ ಬಲಗಡೆಯಿಂದ ನಾನು ಏನೂ ಕಲಿಯಲಿಲ್ಲ. ಅಲ್ಲಿಗೇ ನನಗೆ ಬುದ್ಧಿ ಬರಬೇಕಿತ್ತು.

"ನಿಮ್ಮ ದನಿ ಭಾಳ ಓಡತೈತಿ, ಗಂಗೂಬಾಯಿ. ಅವಸರ ಮಾಡಬ್ಯಾಡ್ರಿ. ಒಂದ ಶಬ್ದ ಮುಗೀಲಿ, ಆಮ್ಯಾಲ ಇನ್ನೊಂದಕ್ಕ ಹೋಗ್ರಿ" ಎನ್ನುತ್ತಿದ್ದಿರಿ. ಅಕ್ಷರ ಕಾಣದಷ್ಟು ಕತ್ತಲಾದಾಗ ಪುಸ್ತಕ ಮುಚ್ಚಿ, ಓದಿದ್ದನ್ನು ನೆನಪಿನಿಂದ ಹೇಳುತ್ತಿದ್ದೆವು. ನದಿಯ ಕಡೆಯಿಂದ ಗಾಳಿ ಬರುತ್ತಿತ್ತು. ನಿಮ್ಮ ಮುಖ ಕಾಣುತ್ತಿರಲಿಲ್ಲ, ದನಿಯಷ್ಟೇ. ಅರ್ಥ ಪೂರ್ತಿ ತಿಳಿಯದ ಆ ಮಾತುಗಳು ನಿಮ್ಮ ಬಾಯಲ್ಲಿ ಯಾವುದೋ ದೂರದ ಊರಿನ ಜೋಗುಳವಾಗುತ್ತಿದ್ದವು. ಎಷ್ಟೋ ಸಲ ನಾನು ಅಲ್ಲೇ ನಿಮ್ಮ ಮಡಿಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದೇನೆ.

ಸಂಡಿಗೆ ಹಾಕಿದ ದಿನ ನೆನಪಿದೆಯೇ? ಅವ್ವ ಗಂಜಿ ಕಾಯಿಸಿ ಕೊಟ್ಟು ಕೆಳಗೆ ಹೋದರೆ, ನೀವು ಹಳೆಯ ಸೀರೆಯ ಮೇಲೆ ಗುಂಡಗೆ ಬಿಡುವ ಬದಲು ಇಂಗ್ಲಿಷ್ ಅಕ್ಷರ ಬಿಟ್ಟಿರಿ. ಇಡೀ ಸೀರೆಯ ತುಂಬ ಪಾಠದ ಮೊದಲ ಎರಡು ಸಾಲು. ಸಂಜೆ ಅವ್ವ ಹತ್ತಿ ಬಂದು, "ಯವ್ವಾ, ಇವೇನು ಬಾಲ ಬಂದ ಸಂಡಗಿ!" ಎಂದು ಹಣೆ ಬಡಿದುಕೊಂಡಳು. ಅಣ್ಣ ಅವನ್ನು ಕರಿಸಿಕೊಂಡು ತಿನ್ನುತ್ತ, "ನಾ ಓದಲಾರದ ಇಂಗ್ಲಿಷ್ ನುಂಗೇನಿ, ನೋಡ್ರಿ" ಎಂದ. ನೀವು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿರಿ. ಹೋದ ವಾರ ಡಬ್ಬಿಯಲ್ಲಿ ನೀವು ಕೊಟ್ಟವೆಲ್ಲ ಗುಂಡಗಿವೆ. ಒಂದೊಂದನ್ನೂ ತಿರುವಿ ನೋಡಿದೆ.

ಆ ಪುಸ್ತಕದಲ್ಲಿ ನಿಮಗೆ ಹಿಡಿಸಿದ್ದು ದೀಪಸ್ತಂಭದ ಪಾಠ. ಸಮುದ್ರದ ಬಂಡೆಯ ಮೇಲೆ ಒಂದು ದೀಪಸ್ತಂಭ, ಅದನ್ನು ಕಾಯುವ ಮುದುಕ ಜ್ವರದಿಂದ ಮಲಗಿದಾಗ ಮಗಳು ಮೆಟ್ಟಿಲು ಹತ್ತಿ ದೀಪ ಹಚ್ಚುತ್ತಾಳೆ, ಹಡಗು ದಡ ಸೇರುತ್ತದೆ. ನಾವಿಬ್ಬರೂ ಸಮುದ್ರ ಕಂಡವರಲ್ಲ. "ನಮ್ಮ ಕೃಷ್ಣೆಗೆ ಆಚೀ ದಂಡಿ ಇಲ್ಲಾ ಅಂತ ತಿಳ್ಕೋರಿ, ಅದ ಸಮುದ್ರ" ಎಂದು ನೀವು ನನಗೆ ತಿಳಿಸಿಕೊಟ್ಟಿರಿ. ಆಮೇಲೆ ಪುಸ್ತಕ ಮುಚ್ಚಿ ಕೇಳಿದಿರಿ. "ಹಡಗ ದಂಡಿಗಿ ಬಂತು ಅಂತ ಬರದಾರ. ಆ ಹುಡುಗಿ ಕೆಳಗ ಇಳದು ಬಂದ್ಲೋ ಇಲ್ಲೋ, ಅದನ್ನ ಬರದಿಲ್ಲ ನೋಡ್ರಿ."

ಮೇ ಕೊನೆಗೆ ನೀವೂ ಪರೀಕ್ಷೆಗೆ ಕೂರುವುದೆಂದು ಆಯಿತು. ಕೇಳಿದ್ದು ನೀವೇ, ಅಣ್ಣ ಉಂಡು ಕೈ ತೊಳೆಯುವಾಗ. "ಬರೀರಿ, ಬರೀರಿ, ಯಾರ ಬ್ಯಾಡ ಅಂದಾರ" ಎಂದ. ಅಪ್ಪನೂ ಹೂಂ ಎಂದರು. ಅವ್ವ ಮುಖ ಸೊಟ್ಟ ಮಾಡಿದಳು, ಆದರೆ ಬೇಡವೆನ್ನಲಿಲ್ಲ. ಅರ್ಜಿಗೆ ಫೋಟೋ ಬೇಕಿತ್ತು. ನಿಮ್ಮ ಬಳಿ ಇದ್ದದ್ದು ಮದುವೆಯದೊಂದೇ. ಕತ್ತರಿಯಿಂದ ನಿಮ್ಮ ಮುಖವನ್ನಷ್ಟೇ ಕತ್ತರಿಸಿ ಅಂಟಿಸಿದಿರಿ. ಹಣೆಗೆ ಬಾಸಿಂಗ ಕಟ್ಟಿದ ವಿದ್ಯಾರ್ಥಿನಿ, ಪಕ್ಕದಲ್ಲಿ ಅಣ್ಣನ ಅರ್ಧ ಭುಜ. ಕತ್ತರಿಸಿ ಉಳಿದ ಆ ಫೋಟೋ ಈಗಲೂ ನಿಮ್ಮ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಅಣ್ಣ ಒಬ್ಬನೇ ಮದುವೆಯಾಗಿ ನಿಂತಿದ್ದಾನೆ.

ಎರಡೂ ಅರ್ಜಿ ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿಸಿದಿರಿ. ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಮಲಕಾರಿ ಕೂತಿದ್ದ. "ನಲವತ್ತ ಮಂದೀನ ತಗೊಳ್ಳೋದವಾ. ಆಗಲೇ ಎಂಬತ್ತ ಅರ್ಜಿ ಬಂದಾವ" ಎಂದ. ನಾನು ಚೀಲಕ್ಕೆ ಕೈ ಹಾಕಿದೆ. ಎರಡು ಕಾಗದ ಬೆರಳಿಗೆ ಸಿಕ್ಕವು. ನಿಮ್ಮ ಓದು ನನ್ನದಕ್ಕಿಂತ ಚೆನ್ನಾಗಿತ್ತು, ಅದು ಅಣ್ಣನ ಸಂಡಿಗೆಗೂ ಗೊತ್ತಿತ್ತು. ನಲವತ್ತರಲ್ಲಿ ಒಂದನ್ನು ನೀವು ತೆಗೆದುಕೊಂಡರೆ? ನಾನು ನಲವತ್ತೊಂದನೆಯವಳಾದರೆ? ಯೂರಿಯಾ ಚೀಲ ಕಣ್ಣ ಮುಂದೆ ಬಂತು. ಒಂದೇ ಅರ್ಜಿ ಹೊರಗೆ ತೆಗೆದೆ. ನಿಮ್ಮದು ಒಳಗೇ ಉಳಿಯಿತು.

ಮನೆಗೆ ಬಂದು, "ಲಗ್ನ ಆದವ್ರದು ತಗೊಳ್ಳೂದಿಲ್ಲಂತ, ವೈನಿ" ಎಂದೆ. ನೀವು ಹಿಟ್ಟು ನಾದುತ್ತಿದ್ದಿರಿ. ಕೈ ನಿಂತಿತು. ಆಮೇಲೆ ಮತ್ತೆ ನಾದಿದಿರಿ. "ಇರಲಿ ಬಿಡ್ರಿ. ನೀವರ ಹೋಗಿ ಬರ್ರಿ. ಇವತ್ತ ಎಲ್ಲಿಗೆ ನಿಲ್ಲಿಸಿದ್ದಿವಿ?" ಅಂದು ಸಂಜೆಯೂ ಮಾಳಿಗೆ ಹತ್ತಿದಿರಿ. ಮರುದಿನವೂ. ಪರೀಕ್ಷೆಯ ಹಿಂದಿನ ಸಂಜೆಯವರೆಗೂ ನನ್ನ ಓಡುವ ದನಿಯನ್ನು ಹಿಡಿದು ನಿಲ್ಲಿಸಿದಿರಿ. ನನಗೆ ಬೈಯಬೇಕಾಗಿತ್ತು ನೀವು.

ಮಾಸ್ತರರ ಮುಂದೆ ಓದುವಾಗ ಗಂಟಲು ನನ್ನದು, ದನಿ ನಿಮ್ಮದು. ಪಾಸಾದೆ. ಎಷ್ಟನೆಯವಳು ಎಂದು ನಿಮಗೆ ಯಾವತ್ತೂ ಹೇಳಿಲ್ಲ. ಮೂವತ್ತೆಂಟನೆಯವಳು. ನೀವು ಬರೆದು ಮೊದಲಿಗರಾಗಿದ್ದರೂ ನಾನು ಮೂವತ್ತೊಂಬತ್ತಕ್ಕೆ ಇಳಿಯುತ್ತಿದ್ದೆ, ಅಷ್ಟೇ. ಇಬ್ಬರಿಗೂ ಜಾಗವಿತ್ತು, ವೈನಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಹೋಗಬಹುದಿತ್ತು. ಆ ಪಟ್ಟಿಯ ಮುಂದೆ ನಿಂತು ನಾನು ಅತ್ತಾಗ ಎಲ್ಲರೂ ಸಂತೋಷಕ್ಕೆ ಅಳುತ್ತಾಳೆ ಎಂದುಕೊಂಡರು.

ನಿಮ್ಮ ಅರ್ಜಿಯನ್ನು ಹರಿಯಲು ಕೈ ಬರಲಿಲ್ಲ. ದೀಪಸ್ತಂಭದ ಪಾಠದ ನಡುವೆ ಇಟ್ಟು, ಪುಸ್ತಕವನ್ನು ಅಟ್ಟದ ಮೇಲಿನ ನನ್ನ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅಂದಿನಿಂದ ಪ್ರತಿ ವರ್ಷ ಕ್ಷಮಾವಾಣಿಯ ದಿನ ಬಸದಿಯಿಂದ ಬಂದು ಎಲ್ಲರೂ ಎಲ್ಲರಿಗೂ ಕೈಮುಗಿಯುವಾಗ ನಾನೂ ನಿಮ್ಮೆದುರು ಕೈಮುಗಿದು ಎಲ್ಲರೂ ಹೇಳುವುದನ್ನೇ ಹೇಳಿದೆ. ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ ಕ್ಷಮಾ ಇರಲಿ. ಹನ್ನೊಂದು ಸಲ. ವರ್ಷದ ಸಣ್ಣಪುಟ್ಟ ತಪ್ಪುಗಳ ರಾಶಿಯಲ್ಲಿ ಇದನ್ನೂ ತುರುಕಿ ಸಾಗಹಾಕಿಬಿಡಬಹುದು ಎಂದುಕೊಂಡಿದ್ದೆ. ಒಂದು ವರ್ಷ ನೀವು ನನ್ನ ಮುಗಿದ ಕೈಗಳನ್ನು ಬಿಡದೆ ಹಿಡಿದುಕೊಂಡು, "ಏನರ ಹೇಳೂದೈತೇನ್ರಿ, ಗಂಗೂಬಾಯಿ?" ಎಂದು ಕೇಳಿದ್ದಿರಿ. "ಏನಿಲ್ರಿ" ಎಂದೆ. ನೀವು ಕೈ ಬಿಟ್ಟಿರಿ.

ಹೋದ ವಾರ ಅಂಕಲಿಗೆ ಬಂದಾಗ, ನನ್ನ ವಿದ್ಯಾರ್ಥಿನಿಯರಿಗೆ ತೋರಿಸೋಣವೆಂದು ಆ ಪುಸ್ತಕ ಹುಡುಕಿದೆ. ಈಗ ನಾನೇ ಈ ಕಾಲೇಜಿನ ಇಂಗ್ಲಿಷ್ ಮಾಸ್ತರಿಣಿ, ಅದೇ ಪರೀಕ್ಷೆಗೆ ಮಕ್ಕಳನ್ನು ಓದಿಸುವವಳು. ಪೆಟ್ಟಿಗೆ ತೆಗೆದು ಪಾಠದ ಪುಟ ಬಿಡಿಸಿದರೆ ಅರ್ಜಿ ಇರಲಿಲ್ಲ. ಅದರ ಜಾಗದಲ್ಲಿ ಹುಳ ಹತ್ತದಿರಲೆಂದು ಇಟ್ಟ ಒಂದು ಬೇವಿನ ಎಲೆ. ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಬೇವಿನ ಎಲೆ ಇಡುವವರು ನೀವೊಬ್ಬರೇ. ಮುಟ್ಟಿದರೆ ಪುಡಿಯಾಯಿತು. ಪುಟದ ಮೇಲೆ ಅದರ ಕಂದು ನೆರಳು ಅಚ್ಚಾಗಿತ್ತು. ಅಂಥ ಅಚ್ಚು ಬೀಳಲು ವರ್ಷಗಳು ಬೇಕು.

ಅಂದರೆ ನನ್ನ ಮದುವೆಯಲ್ಲಿ ಅರಿಶಿನ ಹಚ್ಚಿದ ಕೈಗೆ ಇದು ಗೊತ್ತಿತ್ತು. ನನ್ನ ಬಾಣಂತನ ಮಾಡಿದ ಕೈಗೂ ಗೊತ್ತಿತ್ತು. ಪೆಟ್ಟಿಗೆಯ ಮುಂದೆ ಕೂತೇ ಇದ್ದೆ. ಕೆಳಗಿನಿಂದ ನೀವು ಕೂಗಿದಿರಿ. "ಗಂಗೂಬಾಯಿ, ಊಟಕ್ಕ ಬರ್ರಿ, ಹೊತ್ತ ಮುಣಗತೈತಿ." ಬಂದು ಉಂಡೆ. ಎಂದಿನಂತೆ ನನಗೆ ಒಂದು ಚಮಚ ತುಪ್ಪ ಹೆಚ್ಚಾಗಿಯೇ ಬಡಿಸಿದಿರಿ. ತಲೆಯೆತ್ತಲಾಗಲಿಲ್ಲ.

ಕ್ಷಮಾವಾಣಿಗೆ ಇನ್ನೂ ನಾಲ್ಕು ತಿಂಗಳಿದೆ. ಅಷ್ಟು ಕಾಯಲಾರೆ. ತಿಳಿದೋ ತಿಳಿಯದೆಯೋ ಎಂದೂ ಅನ್ನಲಾರೆ. ತಿಳಿದೇ ಮಾಡಿದೆ, ವೈನಿ. ನಿಮ್ಮ ಅರ್ಜಿಯನ್ನು ನಾನೇ ಕೊಡಲಿಲ್ಲ. ನಿಮ್ಮ ಹನ್ನೊಂದು ವರ್ಷ ನನ್ನ ಚೀಲದೊಳಗೆ ಉಳಿದುಹೋದವು. ನೀವು ಕ್ಷಮಿಸದಿದ್ದರೂ ನಾನು ನಿಮ್ಮ ಗಂಗೂವೇ.

ಈ ಕಾಗದದ ಜೊತೆ ಒಂದು ಹೊಸ ಅರ್ಜಿ ಇಟ್ಟಿದ್ದೇನೆ. ಓದು ಅರ್ಧಕ್ಕೆ ಬಿಟ್ಟ ಹೆಂಗಸರಿಗೆಂದು ಕಾಲೇಜು ಈ ವರ್ಷ ಬೆಳಗಿನ ತರಗತಿ ತೆರೆಯುತ್ತಿದೆ. ಲಗ್ನವಾದವರದನ್ನೂ ತೆಗೆದುಕೊಳ್ಳುತ್ತಾರೆ, ಅಂದೂ ತೆಗೆದುಕೊಳ್ಳುತ್ತಿದ್ದರು. ಜೂನ್ ಹನ್ನೆರಡಕ್ಕೆ ಪರೀಕ್ಷೆ. ನಿಮ್ಮ ಉತ್ತರ ನಾನು ನೋಡುವುದಿಲ್ಲ, ಬೇರೆಯವರು ನೋಡುತ್ತಾರೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ನಿಮ್ಮ ಕೈಯಿಂದಲೇ ಬರೆಯಿರಿ. ಫೋಟೋ ಹೊಸದು ತೆಗೆಸಿ, ಅಣ್ಣನ ಭುಜ ಬೇಡ. ದೀಪಸ್ತಂಭದ ಹುಡುಗಿಯ ಬಗ್ಗೆ ಅಂದು ನೀವು ಕೇಳಿದ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ, ನಾನು ಕೊನೆಯ ಪುಟದವರೆಗೂ ಹುಡುಕಿದ್ದೇನೆ. ದೀಪ ಹಚ್ಚಿದ್ದು ಸಾಕು, ಇನ್ನು ಇಳಿದು ಬನ್ನಿ.

ಒಂದೇ ಒಂದು ಮಾತು. ಈ ಸಲ ಅರ್ಜಿಯನ್ನು ನನ್ನ ಕೈಯಲ್ಲಿ ಕೊಡಬೇಡಿ. ನೀವೇ ಬಂದು ಕಿಟಕಿಯಲ್ಲಿ ಕೊಡಿ. ಮಲಕಾರಿ ಈಗಲೂ ಅಲ್ಲೇ ಕೂರುತ್ತಾನೆ. ನಾನು ಗೇಟಿನ ಹೊರಗೆ, ಬಸ್ಸು ನಿಲ್ಲುವಲ್ಲಿ ನಿಂತಿರುತ್ತೇನೆ.

ನಿಮ್ಮ ಮಾಳಿಗೆಯ ಮೇಲೆ ಬೆಳಕು ಇನ್ನೊಂದು ಪಾಠದಷ್ಟು ಹೊತ್ತು ಉಳಿಯಲಿ.

ನಿಮ್ಮ ಮಡಿಲಲ್ಲಿ ಓದು ಕಲಿತ,
ಗಂಗೂ