ಕೆಂಪು ವಲ್ಲಿಗಾಗಿ ಒಂದು ಅರ್ಜಿ

ಪುಣೆ, ೧೮ ನವೆಂಬರ್ ೨೦೦೩

ಕೆಳಗಿನ ಮನೆಯ ಇನಾಸಕಾಕಾ ಅವರಿಗೆ, ಮೇಲಿನ ಮನೆಯವನ ಸಾಷ್ಟಾಂಗ ನಮಸ್ಕಾರ.

ಹದಿನಾಲ್ಕು ಮೆಟ್ಟಿಲು ಇಳಿದು ಬಂದು ಹೇಳಬಹುದಿತ್ತು. ಆದರೆ ಎದುರಿಗೆ ಕೂತರೆ ನೀವು ಚಹಾ ಕುಡಿಸಿ ಮಾತು ಮರೆಸುತ್ತೀರಿ. ಅದಕ್ಕೇ ಈ ಕಾಗದ. ಹಳೇ ಗೋವಾದ ಪಾದಯಾತ್ರೆಯ ಪಟ್ಟಿಯಿಂದ ನಿಮ್ಮ ಹೆಸರನ್ನು ನೀವೇ ಹೊಡೆದು ಹಾಕಿಸಿದ್ದೀರಂತೆ. "ಮೊಣಕಾಲು ಮಾತು ಕೇಳವಲ್ದು, ನನ್ನಿಂದ ಮಂದಿಗೆ ಯಾಕ ತಡಾ?" ಅಂದಿರಂತೆ. ಇದಕ್ಕೆ ನನ್ನ ತೀವ್ರ ಆಕ್ಷೇಪವಿದೆ.

ಮೊದಲು ನನ್ನ ಹಳೆಯ ಅಪರಾಧ ಒಪ್ಪಿಕೊಂಡುಬಿಡುತ್ತೇನೆ. ಪ್ರತಿ ವರ್ಷ ಬೆಳಗಾವಿಯಿಂದ ನಾಲ್ಕು ದಿನ ನಡೆದು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಹೋಗುವ ನಿಮ್ಮ ತಂಡದಲ್ಲಿ ಕೊನೆಗೆ ಮುಟ್ಟುವವರು ನೀವೇ ಎಂದು ತಿಳಿದಾಗ, "ಕಾಕಾ ಮುಟ್ಟೂದ್ರಾಗ ಮುಂದಿನ ವರ್ಷದ ಹಬ್ಬ ಬಂದಿರತದ" ಎಂದು ಇಡೀ ಚಾಳಿನ ಮನೆಗಳಿಗೆಲ್ಲ ಸಾರಿದವನು ನಾನೇ. ದಿನವೆಲ್ಲ ಹೊಲಿಗೆಯಂತ್ರದ ಮುಂದೆ ಕೂರುವ ಕ್ಯಾಂಪ್ ಪೇಟೆಯ ದರ್ಜಿಯ ಕಾಲು ಇನ್ನೆಷ್ಟು ಓಡೀತು ಎಂಬುದು ನನ್ನ ಸಂಶೋಧನೆಯಾಗಿತ್ತು.

ಎರಡು ವರ್ಷದ ಹಿಂದೆ, ನಿಮಗೆ ನಡಿಗೆ ಕಲಿಸುವ ಉದಾತ್ತ ಉದ್ದೇಶದಿಂದ ನಾನೂ ಹೊರಟೆ. ದಿನಾ ಪರ್ವತಿ ಗುಡ್ಡ ಹತ್ತುವವನು! ಲಕ್ಷ್ಮೀ ರಸ್ತೆಯಲ್ಲಿ ಕೊಂಡ ಹೊಸ ಬೂಟು ಬೇರೆ. ಮೊದಲ ದಿನ ಮುಂದೆ ಶಿಲುಬೆ ಹಿಡಿದವರನ್ನೂ ದಾಟಿದೆ. ಎರಡನೆಯ ದಿನ ಜಪಮಾಲೆ ಹೇಳುತ್ತ ಬಂದ ಅಜ್ಜಿಯರು ನನ್ನನ್ನು ದಾಟಿದರು. ಮೂರನೆಯ ದಿನ ಚೋರ್ಲಾ ಘಾಟಿನ ಮೈಲುಗಲ್ಲಿನ ಮೇಲೆ ಪ್ರತಿಮೆಯಾಗಿ ಕೂತೆ. ಹಿಮ್ಮಡಿಯಲ್ಲಿ ಲಿಂಬೆಹಣ್ಣಿನಷ್ಟು ನೀರುಗುಳ್ಳೆ. ಸಾಮಾನಿನ ಜೀಪು ಬಂದರೆ ಹತ್ತಿಬಿಡುವುದೆಂದು ಕಾಯುತ್ತಿದ್ದೆ.

ಬಂದವರು ನೀವು. ಹೆಗಲ ಮೇಲೆ ಆ ಮಾಸಿದ ಕೆಂಪು ವಸ್ತ್ರ, ನಿಮ್ಮ ವಲ್ಲಿ. "ನೀವು ಮುಂದ ನಡೀರಿ ಕಾಕಾ" ಅಂದೆ.

"ಹೆಂಗ ನಡೀಲಿ? ಈ ವಲ್ಲಿ ಹೊತ್ತಾಂವನ ಹಿಂದ ಯಾರೂ ಉಳೀಬಾರದ್ರಿ. ನೀವು ಎದ್ರ ನಾ ಎದ್ದೆ" ಅಂದು ಪಕ್ಕದಲ್ಲೇ ಕೂತಿರಿ.

ಇಪ್ಪತ್ತೊಂದು ವರ್ಷ ಕೊನೆಗೆ ಮುಟ್ಟುವುದೇ ನಿಮ್ಮ ಕೆಲಸವಾಗಿತ್ತು ಎಂದು ನನ್ನಂಥ ಜಾಣನಿಗೆ ಹೊಳೆದದ್ದು ಆಗ. ಕಾಲರಿನಿಂದ ಸೂಜಿ ತೆಗೆದು, ಗುಳ್ಳೆಗೆ ದಾರ ಹಾಯಿಸಿ ನೀರಿಳಿಸಿದಿರಿ. ನಿಮ್ಮ ಚಪ್ಪಲಿ ನನಗೆ ಕೊಟ್ಟು, ನನ್ನ ಬೂಟುಗಳನ್ನು ಕೊರಳಿಗೆ ಹಾರದಂತೆ ಹಾಕಿಕೊಂಡು ಬರಿಗಾಲಲ್ಲಿ ನಡೆದಿರಿ. ಆ ಮೊಣಕಾಲಿನ ನೋವಿನಲ್ಲಿ ನನ್ನ ಬೂಟಿನ ಪಾಲೂ ಇದೆಯೇನೋ. ಪುಣೆಗೆ ಮರಳಿದ ಮೇಲೆ ಕೇಳಿದವರಿಗೆಲ್ಲ ನೀವು ಹೇಳಿದ್ದು ಒಂದೇ ಮಾತು: "ರಘುರಾಮ ಸಾಹೇಬ್ರು ಭಾಳ ಚಲೋ ನಡದ್ರು." ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಭಕ್ತಿಯಿಂದ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಈಗ ಅರ್ಜಿ. ಡಾಕ್ಟರು ನಿಧಾನ ನಡೆಯಿರಿ ಅಂದಿದ್ದಾರೆಯೇ ಹೊರತು ನಡೆಯಬೇಡಿ ಅಂದಿಲ್ಲ. ಪಕ್ಕದಲ್ಲೇ ಇದ್ದೆ, ಕೇಳಿಸಿಕೊಂಡಿದ್ದೇನೆ. ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಮತ್ತೆ ಬರೆಸಿ ಬಂದಿದ್ದೇನೆ, ಅದರ ಕೆಳಗೆ ನನ್ನದು. ವಲ್ಲಿಯನ್ನು ನನಗೆ ಕೊಡಿ. ನೀವು ಕೂತಲ್ಲಿ ಕೂರುತ್ತೇನೆ, ಎದ್ದಾಗ ಏಳುತ್ತೇನೆ. ಹಬ್ಬ ಮುಗಿದ ಮೇಲೆ ಮುಟ್ಟಿದರೂ ಸರಿ, ಈ ಸಲ ನಿಮ್ಮ ಹಿಂದೆ ಒಬ್ಬ ಇರುತ್ತಾನೆ.

ನಿಮ್ಮ ಸಂತರೂ ನಮ್ಮ ಮನೆದೇವರೂ ಕೂಡಿ ಆ ಮೊಣಕಾಲನ್ನು ಕಾಯಲಿ.

ನಿಮ್ಮ ಚಪ್ಪಲಿಯಲ್ಲಿ ನಡೆದವನು,
ರಘುರಾಮ