ಕಿಟಕಿಗೆ ತಿರುಗಿಸಿದ ಕುರ್ಚಿ

ಪುಟ್ಟಿ,

ನೀನು ಮನೆ ಬಿಟ್ಟು ಮೂರು ವರ್ಷವಾಯಿತು. ವಿಳಾಸವಿಲ್ಲ, ಇದೂ ಡ್ರಾಯರಿಗೇ ಹೋಗುತ್ತದೆ. ಶಾಲೆಯಲ್ಲಿ ನಾನಿನ್ನೂ ಮಕ್ಕಳ ಕಷ್ಟಸುಖ ಕೇಳುವ ಟೀಚರೇ. ಇವತ್ತು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ನನ್ನ ಮುಖ ನೋಡುವ ಸಂಕಟ ಬೇಡವೆಂದು, ಎಂದಿನಂತೆ ಅವಳ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಟ್ಟು ಸುಮ್ಮನೆ ಕಾದೆ. ನಲವತ್ತು ನಿಮಿಷ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಎಲ್ಲ ಹೇಳಿಕೊಂಡು ಅತ್ತಳು.

ಹೊರಡುವಾಗ, "ನಿಮ್ಮ ಮಗಳು ಪುಣ್ಯವಂತೆ ಮಿಸ್. ನೀವು ಎಷ್ಟು ಹೊತ್ತಾದ್ರೂ ಕಾಯ್ತೀರ," ಅಂದಳು.

"ಹೂಂ ಕಣೆ," ಅಂದೆ.

ಮನೆ ಬಿಡುವ ಮೊದಲು, ಅವತ್ತು ನೀನು ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ಒಂದು ವಿಷಯ," ಅಂದಾಗ, ಯಾರದೋ ಮಗಳ ಫೈಲಿನಿಂದ ತಲೆಯೆತ್ತದೆ, "ಐದೇ ನಿಮಿಷ ಇರೋದು, ಬೇಗ ಹೇಳು," ಅಂದಿದ್ದೆ.

"ಏನಿಲ್ಲ ಬಿಡು" ಅನ್ನಲು ನಿನಗೆ ಆ ಐದು ನಿಮಿಷವೂ ಬೇಕಾಗಲಿಲ್ಲ.