ಎರಡನೆಯದಾಗಿ ಓಡಿದವರು ಗೆಲ್ಲುತ್ತಾರೆ

ಪರಮಪೂಜ್ಯ ಆಮೆಯಕ್ಕನ ಸನ್ನಿಧಾನಕ್ಕೆ,

ನಿನ್ನ ಮಾಜಿ ತರಲೆ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ನೀನು ಕ್ಷೇಮವೆಂಬುದನ್ನು ಮೇಷ್ಟ್ರು ಮೂರನೇ ಮಹಡಿಯ ಬಾಗಿಲಿಗೇ ಅಂಟಿಸಿದ್ದಾರೆ: ‘ನಮ್ಮ ಪ್ರಬಂಧ ಸಮ್ಮೇಳನಕ್ಕೆ ಅಂಗೀಕಾರವಾಗಿದೆ.’ ಕೆಳಗೆ ಎರಡು ಹೆಸರು. ಅವರದು, ನಿನ್ನದು. ಬರೆದವರು ಯಾರೆಂದು ತೀರ್ಪು ಕೊಡುವವರಿಗೆ ತಿಳಿಯಬಾರದು, ಹೆಸರಿಲ್ಲದೆ ಸಲ್ಲಿಸಬೇಕು ಎಂಬ ನಿಯಮ ನಿನಗೆ ಗೊತ್ತೇ ಇದೆ. ಅದನ್ನು ಇಷ್ಟು ಶ್ರದ್ಧೆಯಿಂದ, ತೀರ್ಪು ಬಂದ ಮೇಲೂ ಪಾಲಿಸುತ್ತಿರುವವಳು ಈ ಕಟ್ಟಡದಲ್ಲಿ ನಾನೊಬ್ಬಳೇ.

ನಿನ್ನೆ ನಿನ್ನ ಸಂದೇಶ ಬಂತು. ಐದು ತಿಂಗಳ ಮೌನವ್ರತ ಮುರಿದೆಯಲ್ಲ, ಧನ್ಯಳಾದೆ. ‘ಅಳತೆ ಮಾಡೋ ಸ್ಕ್ರಿಪ್ಟು ನಿನ್ನ ಹತ್ರ ಇದ್ಯೇನೇ? ಸಮ್ಮೇಳನದ ಸಮಿತಿಯೋರು ನಮ್ಮ ಕೆಲಸಾನ ತಮ್ಮ ಯಂತ್ರದಲ್ಲಿ ಮತ್ತೆ ಓಡ್ಸಿ ನೋಡ್ತಾರಂತೆ. ತುಂಬಾ ಅರ್ಜೆಂಟು. ಚೆನ್ನಾಗಿದ್ದೀಯ ತಾನೆ?’ ನನ್ನ ಆರೋಗ್ಯ ಕೊನೆಯ ಸಾಲಿನಲ್ಲಿ ಬಂದದ್ದಕ್ಕೆ ಬೇಸರವಿಲ್ಲ. ಕೊನೆಯಲ್ಲಿ ಓಡಿದವರೇ ಗೆಲ್ಲುವುದನ್ನು ನಾವಿಬ್ಬರೂ ಕಣ್ಣಾರೆ ಕಂಡವರು.

ಆ ಕೋಣೆ ನಿನಗೆ ನೆನಪಿದೆಯೋ ಇಲ್ಲವೋ. ಬೆನ್ನಿಗೆ ಬೆನ್ನು ತಾಗುವಂತೆ ನಮ್ಮ ಕುರ್ಚಿಗಳು. ಒಬ್ಬಳು ಹಿಂದೆ ಸರಿದರೆ ಇನ್ನೊಬ್ಬಳ ಟೀ ಚೆಲ್ಲುತ್ತಿತ್ತು. ಮುಚ್ಚದ ಕಿಟಕಿಗೆ ನೀನು ಮಡಿಚಿ ಸಿಕ್ಕಿಸಿದ್ದ ರಟ್ಟು. ಮೂಲೆಯಲ್ಲಿ ಹಗಲಿಡೀ ಗೊಣಗುವ ಕಪ್ಪು ಯಂತ್ರ. ಎಷ್ಟು ಬಡಿಸಿದರೂ ತೃಪ್ತಿಯಿಲ್ಲ, ಯಾರು ಏನು ಮಾಡಿದರು ಎಂಬುದನ್ನು ಮಾತ್ರ ಮರೆಯುವುದಿಲ್ಲ ಎಂದು ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟವಳು ನಾನು. ನಿನಗೆ ಆಮೆಯಕ್ಕ ಎಂದು ಹೆಸರಿಟ್ಟವಳೂ ನಾನೇ: ಊಟಕ್ಕೆ ಒಂದು ಗಂಟೆ, ಕೈ ತೊಳೆಯಲು ಕಾಲು ಗಂಟೆ ಹಿಡಿಯುವವಳು ವೇಗದ ಮೇಲೆ ಸಂಶೋಧನೆ ಮಾಡುತ್ತಿದ್ದೆಯಲ್ಲ! ‘ನಿಧಾನ ಗೊತ್ತಿರೋಳಿಗೇ ಕಣೆ ವೇಗದ ಬೆಲೆ ಗೊತ್ತಾಗೋದು’ ಎಂದು ನೀನು ಮುಖವನ್ನೂ ಎತ್ತದೆ ಹೇಳಿದ್ದೆ. ಅಂದಿನಿಂದ ನಿನ್ನನ್ನು ಸ್ವಂತ ಅಕ್ಕನಿಗಿಂತ ಹೆಚ್ಚು ಹಚ್ಚಿಕೊಂಡೆ. ನನ್ನ ಬುದ್ಧಿ.

ನಮ್ಮ ಘನಕಾರ್ಯ ಇಷ್ಟೇ. ಯಂತ್ರ ಯಾವುದನ್ನು ಕೈಗೆ ಎಟಕುವಂತೆ ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ದೂರದ ಡಿಸ್ಕಿನ ಅಟ್ಟಕ್ಕೆ ಎಸೆಯಬೇಕು ಎಂದು ತೀರ್ಮಾನಿಸಲು ಹೊಸ ವಿಧಾನವೊಂದನ್ನು ಕಟ್ಟಿದೆವು. ಅದು ಎಲ್ಲರೂ ಬಳಸುವ ಹಳೆಯ ವಿಧಾನಕ್ಕಿಂತ ಎಷ್ಟು ಚುರುಕು ಎಂದು ಅಳೆಯಲು ನೀನು ಹೇಳುತ್ತಾ ಹೋದೆ, ನಾನು ಸ್ಕ್ರಿಪ್ಟಿನಲ್ಲಿ ಸಾಲು ಸಾಲಾಗಿ ಆಜ್ಞೆ ಬರೆಯುತ್ತಾ ಹೋದೆ: ಮೊದಲು ಹಳೆಯದನ್ನು ಓಡಿಸು, ಆಮೇಲೆ ನಮ್ಮದನ್ನು ಓಡಿಸು, ಗ್ರಾಫ್ ಬರೆ. ನಮ್ಮದು ಮೂರು ಪಟ್ಟು ವೇಗ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ನಮ್ಮ ಮೇಷ್ಟ್ರು ಅಂದೇ ಶೀರ್ಷಿಕೆಯನ್ನೂ ಬರೆದುಬಿಟ್ಟರು.

ಗಡುವಿಗೆ ಎರಡು ದಿನ ಇರುವಾಗ ನನಗೆ ತರಲೆ ಮಾಡುವ ಹುಕಿ ಬಂತು. ನಿನ್ನ ಮುಖ ಸುಣ್ಣವಾಗುವುದನ್ನು ನೋಡಬೇಕಿತ್ತು, ಅಷ್ಟೇ. ಮೊದಲು ಓಡಿದ್ದಕ್ಕೆ ಗ್ರಾಫಿನಲ್ಲಿ ‘ಹಳೆಯದು’ ಎಂಬ ಹೆಸರು, ಆಮೇಲೆ ಓಡಿದ್ದಕ್ಕೆ ‘ನಮ್ಮದು’ ಎಂಬ ಹೆಸರು ತಾನಾಗಿಯೇ ಬೀಳುತ್ತಿತ್ತಲ್ಲ. ನಾನು ಸದ್ದಿಲ್ಲದೆ ಓಡಿಸುವ ಎರಡು ಸಾಲುಗಳನ್ನು ಅದಲುಬದಲು ಮಾಡಿದೆ. ಈಗ ನಮ್ಮದು ಮೂರು ಪಟ್ಟು ಸೋತಂತೆ ಕಾಣಬೇಕು, ನೀನು ಕುರ್ಚಿಯಿಂದ ಬೀಳಬೇಕು. ಅತ್ತೆ ಗೊಣಗಿತು, ಗ್ರಾಫ್ ಬಂತು. ನೋಡಿದರೆ ಚಿತ್ರ ಕದಲಿರಲಿಲ್ಲ. ‘ನಮ್ಮದು’ ಎಂಬ ಹೆಸರು ಹೊತ್ತ ಹಳೆಯದೇ ಮೂರು ಪಟ್ಟು ಗೆದ್ದು ನಿಂತಿತ್ತು. ಹುಟ್ಟಿದಾಗಿನಿಂದ ಅದೇ ಮೊದಲು ನನ್ನ ತರಲೆಯೊಂದು ನೆಲಕಚ್ಚಿದ್ದು.

ನಗುತ್ತಲೇ ನಿನ್ನನ್ನು ಕರೆದೆ. ನೀನು ಎರಡು ಸಲ ಓಡಿಸಿದೆ, ನಗಲಿಲ್ಲ. ಯಾವುದೇ ಇರಲಿ, ಎರಡನೆಯದಾಗಿ ಓಡಿದ್ದೇ ಗೆಲ್ಲುತ್ತಿತ್ತು. ಮೊದಲು ಓಡಿದ್ದು ಪಾಪ, ಅಟ್ಟ ಹತ್ತಿ ಇಳಿದು ಎಲ್ಲವನ್ನೂ ಕೆಳಗೆ ತಂದಿಡುತ್ತಿತ್ತು. ಅತ್ತೆ ಅದನ್ನೆಲ್ಲ ನೆನಪಿಟ್ಟುಕೊಂಡು ಎರಡನೆಯದಕ್ಕೆ ಕೂತಲ್ಲಿಗೇ ಬಡಿಸುತ್ತಿತ್ತು. ಹಾಸಿಗೆ ಹಾಸಿದವಳು ಒಬ್ಬಳು, ಮಲಗಿದವಳು ಇನ್ನೊಬ್ಬಳು. ಮಧ್ಯದಲ್ಲಿ ಯಂತ್ರದ ನೆನಪು ಅಳಿಸುವ ಒಂದು ಸಾಲು ಬೇಕಿತ್ತು. ಅದನ್ನು ನೀನೂ ಹೇಳಿರಲಿಲ್ಲ, ನಾನೂ ಬರೆದಿರಲಿಲ್ಲ. ಆ ಸಾಲು ಸೇರಿಸಿ ಓಡಿಸಿದೆವು. ಮೂರು ಪಟ್ಟು ಕರಗಿ, ನಮ್ಮದು ಹಳೆಯದಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಮಾತ್ರ ಚುರುಕು ಎಂದಾಯಿತು. ನೀನು ನನ್ನ ಜಡೆ ಹಿಡಿದೆಳೆದು, ‘ಹನ್ನೊಂದೂ ಕಮ್ಮಿಯೇನಲ್ಲ ಕಣೆ’ ಎಂದೆ. ಆ ಮಾತಿಗಾಗಿ ನಾನು ನಿನ್ನ ಹಿಂದೆ ಯಾವ ಪಾತಾಳಕ್ಕಾದರೂ ಬರುತ್ತಿದ್ದೆ.

ನಾವು ಹೋದದ್ದು ಮೇಷ್ಟ್ರ ಕೋಣೆಗೆ. ನಾನು ಎಲ್ಲವನ್ನೂ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ನನ್ನ ಮೌಸನ್ನ ಉಲ್ಟಾ ಓಡೋ ಹಾಗೆ ಮಾಡ್ದೋಳು ನೀನೇ ಅಲ್ವೇನಮ್ಮ? ನಾನು ಕಣ್ಣಿನ ಡಾಕ್ಟ್ರ ಹತ್ರ ಹೋಗಿ ಬಂದೆ. ನಗೋಕೂ ಒಂದು ಹೊತ್ತು ಗೊತ್ತು ಬೇಡ್ವಾ?’ ಸರಿ, ತೋಳ ಬಂತು ತೋಳ ಎಂದು ಊರನ್ನೆಲ್ಲ ಓಡಿಸಿದವಳ ಮಾತನ್ನು ಯಾರು ನಂಬುತ್ತಾರೆ? ಆದರೆ ತೋಳವನ್ನು ನನ್ನ ಜೊತೆ ನಿಂತು ನೋಡಿದವಳೊಬ್ಬಳು ಅಲ್ಲೇ ಇದ್ದಳಲ್ಲ! ನಾನು ನಿನ್ನ ಕಡೆ ತಿರುಗಿದೆ. ನೀನು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತಾ, ‘ಬಿಡಿ ಸರ್, ಇವಳದು ಯಾವಾಗ್ಲೂ ಇದ್ದದ್ದೇ’ ಎಂದೆ.

ಅಕ್ಕಾ, ಆ ವಾಕ್ಯ ಹೇಳಲು ನಿನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಕೈ ತೊಳೆಯಲು ಕಾಲು ಗಂಟೆ ಹಿಡಿಯುವವಳು!

ನಿನ್ನ ಕಷ್ಟ ನನಗೆ ಗೊತ್ತಿರಲಿಲ್ಲವೆಂದಲ್ಲ. ಫೆಲೋಶಿಪ್ಪಿನ ಕೊನೆಯ ವರ್ಷ, ಹಿಂದಿನ ಎರಡು ಪ್ರಬಂಧಗಳೂ ಗೋಡೆಗೆಸೆದ ಚೆಂಡಿನಂತೆ ವಾಪಸಾಗಿದ್ದವು, ಫೋನಿನಲ್ಲಿ ನಿನ್ನಮ್ಮ ‘ಇನ್ನೂ ಎಷ್ಟು ಓದ್ತೀಯೆ, ಕನ್ನಡಕದ ನಂಬರು ಬಿಟ್ರೆ ಬೇರೇನೂ ಏರ್ಲಿಲ್ಲ’ ಎನ್ನುವುದು ನನಗೂ ಕೇಳಿಸುತ್ತಿತ್ತು. ಕಾರಿಡಾರಿನಲ್ಲಿ ಒಂದೇ ಒಂದು ಸಲ ‘ನನಗೆ ಧೈರ್ಯ ಸಾಲ್ಲಿಲ್ಲ ಕಣೆ’ ಎಂದಿದ್ದರೆ ಸಾಕಿತ್ತು. ಅಲ್ಲೇ ಒಂದು ತಮಾಷೆ ಮಾಡಿ ಅತ್ತುಬಿಡುತ್ತಿದ್ದೆ. ನೀನು ಹೇಳಿದ್ದು ಬೇರೆ: ‘ನಿನಗೆ ಒಪ್ಪಿಗೆ ಇಲ್ಲ ಅಂದ್ರೆ ಹೆಸರು ತೆಗೀತೀನಿ, ನಿನ್ನ ಒಳ್ಳೇದಕ್ಕೇ.’ ನನ್ನ ಒಳ್ಳೆಯದಕ್ಕಾಗಿ ನನ್ನ ಎರಡು ವರ್ಷಗಳನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದೆ.

ನಾನು ಕೆಳಗಿನ ಮಹಡಿಯ ಇನ್ನೊಂದು ತಂಡಕ್ಕೆ ಇಳಿದೆ. ಇಲ್ಲಿ ನನ್ನನ್ನು ಎಲ್ಲರೂ ಗಂಭೀರ ಹುಡುಗಿ ಎನ್ನುತ್ತಾರೆ, ನಗಬೇಡ. ಐದು ತಿಂಗಳಿಂದ ಯಾರ ಮೌಸನ್ನೂ ಮುಟ್ಟಿಲ್ಲ. ಮನೆಯಲ್ಲಿ ಅಮ್ಮ ‘ಆ ನಿಧಾನದ ಹುಡುಗಿ ಯಾಕೆ ಬರ್ತಿಲ್ಲ, ಜಗಳಾನಾ?’ ಎಂದಳು. ‘ಇಲ್ಲಮ್ಮ, ಈಗ ಅವಳು ಮೂರು ಪಟ್ಟು ವೇಗ, ನಮ್ಮನೆ ದಾಟಿ ಹೋಗ್ಬಿಡ್ತಾಳೆ’ ಎಂದೆ. ಅಮ್ಮ ನಕ್ಕಳು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಅತ್ತೆಯನ್ನು ಗುಜರಿಗೆ ಹಾಕಿದರಂತೆ, ಒಳಗಿದ್ದ ಸ್ಕ್ರಿಪ್ಟೂ ಜೊತೆಗೇ ಹೋಯಿತಂತೆ. ಉಳಿದಿರುವ ಪ್ರತಿ ನನ್ನ ಬಳಿ ಮಾತ್ರ. ಇದರ ಜೊತೆ ಎರಡು ಸ್ಕ್ರಿಪ್ಟ್ ಕಳಿಸಿದ್ದೇನೆ. ಒಂದು ನೀನು ಕೇಳಿದ್ದು, ಒಂದಕ್ಷರವೂ ಬದಲಾಗಿಲ್ಲ. ಅದನ್ನು ಕೊಟ್ಟರೆ ಸಮಿತಿಯ ಯಂತ್ರದಲ್ಲೂ ಮೂರು ಪಟ್ಟು ಬರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಸಾಲುಗಳನ್ನು ತಿರುಗಿಸಿ ನೋಡುವ ತರಲೆ ಅಲ್ಲಿ ಯಾರೂ ಇಲ್ಲದಿದ್ದರೆ. ಇನ್ನೊಂದರಲ್ಲಿ ನೆನಪು ಅಳಿಸುವ ಆ ಒಂದು ಸಾಲಿದೆ. ಅದನ್ನು ಕೊಟ್ಟರೆ ಹನ್ನೊಂದು ಬರುತ್ತದೆ, ಮೇಷ್ಟ್ರು ಕೂಗಾಡುತ್ತಾರೆ, ಬಾಗಿಲಿನ ಕಾಗದ ಹರಿದುಹೋಗಬಹುದು. ನಾನು ಯಾರಿಗೂ ದೂರು ಕೊಡುವುದಿಲ್ಲ. ನನ್ನ ಹೆಸರನ್ನು ಮತ್ತೆ ಸೇರಿಸು ಎಂದೂ ಬೇಡುವುದಿಲ್ಲ. ಮೂರು ಪಟ್ಟು ಬೇಕಾದರೆ ನೀನೇ ಇಟ್ಟುಕೋ, ಅದು ಯಾರದೂ ಅಲ್ಲ. ಆ ಹನ್ನೊಂದು ಮಾತ್ರ ನಮ್ಮಿಬ್ಬರದಾಗಿತ್ತು. ನೀನು ಬಿಸಾಡಿದ್ದು ಅದನ್ನು.

ಸಮ್ಮೇಳನದವರ ಗಡುವಿನ ಲೆಕ್ಕ ನಿನಗೆ ಗೊತ್ತಲ್ಲ: ನಮ್ಮಲ್ಲಿ ತಾರೀಖು ಬದಲಾದರೂ ಪರವಾಗಿಲ್ಲ, ಭೂಮಿಯ ಮೇಲೆ ಎಲ್ಲಾದರೂ ಒಂದು ಕಡೆ ಆ ದಿನ ಇನ್ನೂ ಮುಗಿಯದಿದ್ದರೆ ಸಾಕು. ಸ್ಕ್ರಿಪ್ಟ್ ಕೊಡಬೇಕಾದ ದಿನ ನಮ್ಮ ಗಡಿಯಾರದಲ್ಲಿ ನಿನ್ನೆಯೇ ಮುಗಿಯಿತು. ಆದರೂ ಈ ಮಧ್ಯಾಹ್ನ ಇದನ್ನು ಬರೆಯುತ್ತಿದ್ದೇನೆ. ಎಲ್ಲೋ ದೂರದ ಸಮುದ್ರದ ನಡುವೆ, ಮನುಷ್ಯರೇ ಇಲ್ಲದ ದ್ವೀಪದಲ್ಲಿ, ಅದಿನ್ನೂ ಸ್ವಲ್ಪ ಉಳಿದಿದೆಯಂತೆ.

ನಿಧಾನವಾಗಿ ಯೋಚಿಸು. ಅದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ.

ನಿನ್ನ ಕನ್ನಡಕದ ನಂಬರು ಅಲ್ಲಿಗೇ ನಿಲ್ಲಲಿ. ನಿನ್ನ ಹೊಸ ಯಂತ್ರಕ್ಕೆ ಒಳ್ಳೆಯ ಮರೆವು ಬರಲಿ, ನಿನಗೆ ಮಾತ್ರ ಬಾರದಿರಲಿ.

ನಿಯಮದ ಪ್ರಕಾರ ಹೆಸರಿಲ್ಲದೆ,
ಮೊದಲು ಓಡಿದವಳು